ಜಿಪ್ಪು ಹಾಕಿದ ಜೀವಕೋಶ

ಬೀದಿಯವರಿಗೆಲ್ಲ ಅವಳು ಹೊಲಿಗೆಯಜ್ಜಿ. ಅವಳು ಹೊಲಿದದ್ದನ್ನು ಒಳಗುಹೊರಗು ಮಾಡಿ ನೋಡಿದರೂ ಒಂದು ನೂಲು ಇಣುಕುತ್ತಿರಲಿಲ್ಲ.

ಐದನೇ ತರಗತಿಯ ಮೊಮ್ಮಗಳು ವಿಜ್ಞಾನದ ಪಾಠಕ್ಕೆ ಜೀವಕೋಶದ ಮಾದರಿ ಒಯ್ಯಬೇಕಿತ್ತು. ಹಿಂದಿನ ಸಲ ಮಣ್ಣಿನಲ್ಲಿ ಮಾಡಿದ ಭೂಗೋಳ ದಾರಿಯಲ್ಲೇ ಒಡೆದು, ತರಗತಿಯೆಲ್ಲ ನಕ್ಕಿತ್ತು. ಈ ಸಲವೂ ನಕ್ಕರೆ ಶಾಲೆಯ ಮೆಟ್ಟಿಲನ್ನೇ ತುಳಿಯುವುದಿಲ್ಲವೆಂದು ಹುಡುಗಿ ಹಟ ಹಿಡಿದಿದ್ದಳು.

"ಒಡೆಯದ ಹಾಗೆ ಹೊಲಿದು ಕೊಡ್ತೀನಿ. ಒಳಗೇನಿರುತ್ತೆ, ನೀನು ಹೇಳು," ಎಂದಳು ಅಜ್ಜಿ.

ಮೊಮ್ಮಗಳು ಪುಸ್ತಕ ನೋಡಿ ಹೇಳುತ್ತಾ ಹೋದಳು. ಹಳದಿ ಬಟ್ಟೆಯ ಚೀಲ ಕೋಶಪೊರೆಯಾಯಿತು. ಹತ್ತಿಯ ನಡುವೆ ಕೆಂಪು ಉಣ್ಣೆಯ ಉಂಡೆ ಕೋಶಕೇಂದ್ರವಾಗಿ ಕೂತಿತು, ಸುತ್ತ ಬಣ್ಣಬಣ್ಣದ ಗುಂಡಿಗಳು. ಅಜ್ಜಿ ಕೈ ಅಭ್ಯಾಸದಂತೆ ಚೀಲದ ಬಾಯನ್ನು ಹೊಲಿಗೆ ಕಾಣದಂತೆ ಮುಚ್ಚಿ, ಹಲ್ಲಿನಿಂದ ದಾರ ಕಡಿದಳು.

"ಅಜ್ಜಿ, ಇದು ದಿಂಬು."

"ದಿಂಬಲ್ಲ ಕಣೇ, ಎಲ್ಲಾ ಒಳಗಿದೆ."

"ಒಳಗಿದ್ರೆ ಯಾರಿಗೆ ಕಾಣುತ್ತೆ? ಟೀಚರ್‌ಗೆ ತಲೆಯಿಟ್ಟು ಮಲಗಿ ಅನ್ಲಾ?"

ತನ್ನ ಹೊಲಿಗೆ ತಾನೇ ಬಿಚ್ಚುವುದೆಂದರೆ ಅಜ್ಜಿಗೆ ಹಲ್ಲು ಕಿತ್ತಂತೆ. ಆದರೂ ಬಿಚ್ಚಿದಳು. ಪೆಟ್ಟಿಗೆ ತಡಕಿ, ಮೊಮ್ಮಗಳ ತಾತನ ಹಳೆಯ ಪ್ಯಾಂಟಿನಿಂದ ಜಿಪ್ಪು ತೆಗೆದು ಕೂಡಿಸಿದಳು.

ಮರುದಿನ ಸಂಜೆ ಹುಡುಗಿ ಬರಿಗೈಯಲ್ಲಿ ಬಂದಾಗ ಅಜ್ಜಿ ಕೈಯಲ್ಲಿದ್ದ ಹೊಲಿಗೆಯನ್ನು ಬದಿಗಿಟ್ಟಳು.

"ಎಲ್ಲೇ ಅದು? ನಕ್ರಾ?"

"ನಕ್ರು. ಜಿಪ್ಪು ಎಲ್ಲಿಂದ ಬಂತು ಅಂದ್ರು ಟೀಚರ್. ತಾತನ ಪ್ಯಾಂಟಿಂದ ಅಂದೆ. ನಂಗೂ ನಗು ಬಂತು. ಆಮೇಲೆ ಎಲ್ಲರೂ ಸಾಲಾಗಿ ನಿಂತು ಜಿಪ್ಪು ಎಳೆದು ನೋಡಿದ್ರು. ಟೀಚರ್ ಅದನ್ನ ಕಪಾಟಿನಲ್ಲಿಟ್ಟುಕೊಂಡ್ರು."

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು: "ಜಿಪ್ಪು ಎಲ್ಲೂ ಕಚ್ಚಿಕೊಳ್ಳಲಿಲ್ಲ ತಾನೇ?"