ಎರಡು ಬೆರಳು ಜಾಗ

ನಮ್ಮತ್ತೆ ಮೂವತ್ತೊಂದು ವರ್ಷ ಊರ ಕಚೇರಿಯಲ್ಲಿ ಕಸ ಗುಡಿಸಿದವರು. ಅವರ ಕೆಲಸದ ಪಟ್ಟಿಯಲ್ಲಿ ಕೊನೆಯ ಸಾಲು: ಕಚೇರಿ ಮುಂದಿನ ಯುದ್ಧಸ್ಮಾರಕವನ್ನು ದಿನಾ ಒರೆಸುವುದು. ಉಳಿದ ಕೆಲಸದಲ್ಲಿ ಅವರು ಎಷ್ಟು ಕಳ್ಳಾಟ ಆಡುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತು. ಗುಮಾಸ್ತನ ಮೇಜಿನ ಕೆಳಗಿನ ಧೂಳು ನನ್ನ ಮದುವೆಗಿಂತ ಹಳೆಯದು. ಆದರೆ ಆ ಕಲ್ಲನ್ನು ಜ್ವರ ಬಂದ ದಿನವೂ ಒರೆಸದೆ ಬಿಟ್ಟವರಲ್ಲ.

ಆ ಕಲ್ಲನ್ನು ನೀವು ನೋಡಬೇಕು ಕಣ್ರೀ. ಮೇಲುಗಡೆ ಯುದ್ಧದಲ್ಲಿ ಸತ್ತ ಹನ್ನೆರಡು ಸಿಪಾಯಿಗಳ ಹೆಸರು, ಕಡಲೆಕಾಳಿನಷ್ಟು ಅಕ್ಷರ. ಕೆಳಗಡೆ ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಧ್ವನಿವರ್ಧಕದ ವ್ಯವಸ್ಥೆ ಮಾಡಿದವರು. ಇವರದ್ದು ಒಂದೊಂದು ಅಕ್ಷರ ಅಂಗೈಯಷ್ಟು. ಕಲ್ಲು ಕೆತ್ತಿದವನು ಕೆಳಗಿನಿಂದ ಶುರು ಮಾಡಿದ್ದನಂತೆ. ಬದುಕಿರುವವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಸತ್ತವರೇನು ಬಂದು ಕೇಳುವುದಿಲ್ಲವಲ್ಲ! ಆಮೇಲೆ ಮೇಲಿನಿಂದ ಸಿಪಾಯಿಗಳನ್ನು ಕೆತ್ತುತ್ತಾ ಬಂದ. ಹನ್ನೆರಡು ಮುಗಿಯುವಷ್ಟರಲ್ಲಿ ಉಳಿದದ್ದು ಎರಡು ಬೆರಳು ಜಾಗ. ಅಷ್ಟರಲ್ಲಿ ಉಳಿ ಇಟ್ಟರೆ ಕೆಳಗಿನ ಉದ್ಘಾಟಕರ ತಲೆ ಒಡೆಯುತ್ತದೆ ಅಂತ ಕೈ ಎತ್ತಿಬಿಟ್ಟ.

ಸತ್ತವರು ಮಾತ್ರ ಹದಿಮೂರು. ಹದಿಮೂರನೆಯವರು ನಮ್ಮತ್ತೆಯ ಅಪ್ಪ. ಅವರ ಸಾವಿನ ಸುದ್ದಿ ಎಲ್ಲರಿಗಿಂತ ತಡವಾಗಿ ಬಂತು, ಅದಕ್ಕೇ ಪಟ್ಟಿಯ ಕೊನೆಗೆ ಬಿದ್ದರು. ನಮ್ಮತ್ತೆಗೆ ಆಗ ಒಂದು ವರ್ಷ. ಅವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೇಳಲು ಹೋದ ಅವರ ಅಮ್ಮನಿಗೆ ಅಧ್ಯಕ್ಷರು ತುಂಬ ಪ್ರೀತಿಯಿಂದ ಹೇಳಿದರಂತೆ: "ಬೇಜಾರು ಮಾಡ್ಕೋಬೇಡಮ್ಮ. ಮುಂದಿನ ಯುದ್ಧಕ್ಕೆ ದೊಡ್ಡ ಕಲ್ಲು ಹಾಕ್ಸೋಣ."

ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ನೋಡಿದೆ. ಅತ್ತೆ ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಒಣ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಬೆರಳನ್ನು ಚೊಂಬಿನಲ್ಲಿ ಅದ್ದಿ ಆ ಎರಡು ಬೆರಳು ಜಾಗದಲ್ಲಿ ಅಪ್ಪನ ಹೆಸರು ಬರೆದರು. ಬಿಸಿಲು ಬಿತ್ತು, ಹೆಸರು ಆರಿಹೋಯಿತು. ಚೊಂಬು ಎತ್ತಿಕೊಂಡು ಒಳಗೆ ಹೋದರು. ನಾನು ತಲೆ ಕೆಟ್ಟಿದೆ ಈ ಹೆಂಗಸಿಗೆ ಅಂದುಕೊಂಡೆ. ದಿನಾ ಹೀಗೇ ಅಂತ ಆಮೇಲೆ ಗೊತ್ತಾಯಿತು.

ನಿವೃತ್ತಿಗೆ ಎರಡು ವರ್ಷ ಉಳಿದಾಗ ಅತ್ತೆಗೆ ದಿಗಿಲು ಶುರುವಾಯಿತು. "ನಾನು ಹೋದ್ಮೇಲೆ ಯಾರು ಬರೀತಾರೆ?" ಅಂದರು. ಹೋಗಿ ಗುಮಾಸ್ತನನ್ನು ಕೇಳಿದರು. ಅವನು ದಾಖಲೆ ಪುಸ್ತಕ ತೆಗೆದ. ಅದರಲ್ಲೂ ಹನ್ನೆರಡೇ! ಪುಸ್ತಕವನ್ನು ಬರೆದದ್ದೇ ಕಲ್ಲು ನೋಡಿಕೊಂಡು.

"ಪುಸ್ತಕದಲ್ಲಿ ಇದ್ದ ಹಾಗೆ ಕಲ್ಲು ಇರ್ಬೇಕಮ್ಮ. ಒಂದು ಹೆಸರು ಖಾಲಿ ಆದ್ರೆ ಹೇಳಿ, ನೋಡೋಣ" ಅಂದ, ಬಸ್ಸಿನ ಸೀಟಿನ ಮಾತಾಡುವವನ ಹಾಗೆ.

ಅವತ್ತಿನಿಂದ ನಮ್ಮತ್ತೆ ಹನ್ನೆರಡು ಜನರ ವಂಶ ಜಾಲಾಡಲು ಹೊರಟರು. ಹನ್ನೆರಡರಲ್ಲಿ ಒಬ್ಬನಾದರೂ ಈ ಊರಿನವನಲ್ಲದಿದ್ದರೆ, ಸಿಪಾಯಿಯಲ್ಲದಿದ್ದರೆ, ಏನೋ ಒಂದು ತಪ್ಪು ಸಿಕ್ಕರೆ ಸಾಕು ಅಂತ ಆಸೆ. ಭಾನುವಾರ ನನ್ನ ಹೊಲಿಗೆ ಮೆಷಿನ್ ಮುಚ್ಚಿಸಿ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದರು. ಎರಡನೆಯವನ ಮನೆಯಲ್ಲಿ ಮೀಸೆ ಸಿಪಾಯಿಯ ಫೋಟೋ ಕೊಟ್ಟರು. ಐದನೆಯವನ ಮನೆಯಲ್ಲಿ ನೋಡಿದರೆ ಅದೇ ಫೋಟೋ! ಎರಡು ಮನೆಯವರೂ ಮೂಗು ನಮ್ಮದೇ ಅಂತ ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ಏಳನೆಯವನ ಮನೆಯವರು ನಾವು ಆಸ್ತಿ ಕೇಳಲು ಬಂದವರು ಅಂದುಕೊಂಡು ನಾಯಿ ಬಿಟ್ಟರು. ನನ್ನ ಸೀರೆಯ ಅಂಚು ಆ ಏಳನೆಯವನ ಲೆಕ್ಕದಲ್ಲಿ ಹೋಯಿತು.

ಒಂಬತ್ತನೆಯವನ ಮನೆಯಲ್ಲಿ ಅವನ ತಂಗಿಯ ಸೊಸೆ ಇದ್ದಳು. ಅಕ್ಕಿ ಆರಿಸುತ್ತಾ ತಲೆಯೆತ್ತದೆ ಹೇಳಿದಳು: "ಮಾವನಾ? ಚೆನ್ನಾಗಿದ್ದಾರೆ. ವರ್ಷಕ್ಕೊಂದು ಕಾಗದ ಹಾಕ್ತಾರೆ."

"ಸತ್ತ ಮೇಲೂನಾ?" ಅಂದೆ ನಾನು.

"ಸತ್ತ ಮೇಲೇ. ಅದಕ್ಕೆ ಮುಂಚೆ ಒಂದೂ ಹಾಕಿಲ್ವಂತೆ."

ಕಾಗದದ ಮೇಲಿನ ವಿಳಾಸ ಹಿಡಿದು ಮೂರು ಬಸ್ಸು ಬದಲಾಯಿಸಿ ಹೋದೆವು. ಸೈಕಲ್ ರಿಪೇರಿ ಅಂಗಡಿಯಲ್ಲಿ ಎಂಬತ್ತು ದಾಟಿದ ಮುದುಕ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು. ಊರಿನ ಹೆಸರು ಹೇಳಿದ್ದೇ ತಡ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು. ಕಾಲಿಗೆ ಗುಂಡು ಬಿದ್ದು ತಿಂಗಳುಗಟ್ಟಲೆ ಎಲ್ಲೋ ಆಸ್ಪತ್ರೆಯಲ್ಲಿದ್ದರಂತೆ. ವಾಪಸ್ಸು ಬಂದು ಬಸ್ಸಿಳಿದರೆ ಕಲ್ಲಿನ ಮೇಲೆ ಹೆಸರು.

"ಮೂರು ದಿನದ ಹಿಂದೆ ಉದ್ಘಾಟನೆ ಆಗಿತ್ತು ಮಗಳೇ. ಪೆಂಡಾಲ್ ಇನ್ನೂ ಬಿಚ್ಚಿರಲಿಲ್ಲ. ಅಷ್ಟೊಂದು ಜನ ಸೇರಿ ಅಳ್ತಾ ಭಾಷಣ ಮಾಡಿದ್ದಾರೆ. ಎದುರಿಗೆ ಹೋಗಿ ನಿಂತ್ಕೊಳ್ಳೋದು ಹೇಗೆ ಹೇಳು? ಸಂಕೋಚ ಆಯ್ತು. ಅದೇ ಬಸ್ ಹತ್ತಿ ವಾಪಸ್ ಬಂದ್ಬಿಟ್ಟೆ."

ಅಯ್ಯೋ ನಿಮ್ಮ ಸಂಕೋಚಕ್ಕಿಷ್ಟು ಅಂತ ನನ್ನ ಬಾಯಿಗೆ ಬಂತು. ಅತ್ತೆ ನನ್ನ ಕೈ ಹಿಡಿದು ತಡೆದು, ತಾವು ಯಾರ ಮಗಳು ಅಂತ ಹೇಳಿದರು. ಮುದುಕರು ಕೈ ಒರೆಸಿಕೊಂಡು ಅತ್ತೆಯ ಮುಖವನ್ನೇ ನೋಡಿದರು.

"ನಿಮ್ಮಪ್ಪ ನನ್ನ ಬಾಚಣಿಗೆ ತಗೊಂಡು ಹೋದೋನು ಬರಲೇ ಇಲ್ಲ. ದಿನಕ್ಕೆ ಹತ್ತು ಸಲ ತಲೆ ಬಾಚೋನು ಮಾರಾಯ. ಗುಂಡು ಹಾರ್ತಿದ್ರೂ ಬೈತಲೆ ನೆಟ್ಟಗಿರ್ಬೇಕು ಅವನಿಗೆ."

ಅಪ್ಪನ ಬಗ್ಗೆ ನಮ್ಮತ್ತೆ ಕೇಳಿದ ಮೊದಲನೆಯ ಸಂಗತಿ ಅದು. ವಾಪಸ್ಸು ಬರುವಾಗ ಮೂರು ಬಸ್ಸಿನಲ್ಲೂ ಕಿಟಕಿಯ ಗಾಜು ನೋಡಿಕೊಂಡು ಬೈತಲೆ ಸರಿಮಾಡಿಕೊಳ್ಳುತ್ತಾ ಕೂತಿದ್ದರು.

ಮುದುಕರು ಒಳ್ಳೆಯವರು. "ನನ್ನ ತೆಗ್ಸಿ ಅವನನ್ನ ಹಾಕ್ಸು" ಅಂತ ತಾವೇ ಕಚೇರಿಗೆ ಬಂದರು. ಗುಮಾಸ್ತ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಪುಸ್ತಕದ ಪ್ರಕಾರ ನೀವು ಸತ್ತಿದ್ದೀರಿ. ಬದುಕಿದ್ದೀನಿ ಅಂತ ನಿಮ್ಮೂರ ಕಚೇರಿಯಿಂದ ಸರ್ಟಿಫಿಕೇಟ್ ತನ್ನಿ."

ಅವರೂರ ಕಚೇರಿಯವರು, "ನಾವು ನಿಮ್ಮನ್ನ ಸತ್ತಿದ್ದೀರಿ ಅಂತ ಯಾವತ್ತೂ ಬರೆದೇ ಇಲ್ಲ. ಬದುಕಿದ್ದೀರಿ ಅಂತ ಯಾಕೆ ಬರೀಬೇಕು?" ಅಂದರು. ಹೀಗೇ ಎಂಟು ತಿಂಗಳು ಅಲೆದಾಟ. ಕೊನೆಗೂ ಸರ್ಟಿಫಿಕೇಟ್ ಬಂತು. ಮಂಗಳವಾರ ಬನ್ನಿ ಅಂದರು. ಭಾನುವಾರ ಮುದುಕರು ನಿದ್ದೆಯಲ್ಲೇ ತೀರಿಕೊಂಡರು.

ಗುಮಾಸ್ತ ನಿಟ್ಟುಸಿರು ಬಿಟ್ಟು ಫೈಲು ಕಟ್ಟಿದ. "ಸದ್ಯ, ಈಗ ಕಲ್ಲು ಸರಿಯಾಯ್ತು ಬಿಡಿ" ಅಂದ. ಆ ಮೇಜಿನ ಕೆಳಗಿನ ಧೂಳನ್ನೆಲ್ಲ ಅವನ ತಲೆಗೆ ಸುರಿಯಬೇಕು ಅನ್ನಿಸಿತು ನನಗೆ.

ಅತ್ತೆ ಮಾತು ಬಿಟ್ಟರು. ಕಲ್ಲು ಒರೆಸುತ್ತಿದ್ದರು, ಆದರೆ ಬೆರಳು ಅದ್ದುತ್ತಿರಲಿಲ್ಲ. "ಎರಡು ಬೆರಳು ಜಾಗ ಕೊಡಿಸೋಕಾಗ್ಲಿಲ್ಲ ನನ್ನ ಕೈಲಿ. ಇಷ್ಟು ವರ್ಷ ಏನು ಆಟ ಆಡ್ದೆ ಕಣೇ ನಾನು" ಅಂತ ಒಂದು ದಿನ ಅಂದರು, ಅಷ್ಟೇ. ನನಗೆ ದುಃಖವೂ ಬಂತು, ಅದಕ್ಕಿಂತ ಜಾಸ್ತಿ ಕೋಪ ಬಂತು.

ಮುಂದಿನ ತಿಂಗಳು ಸ್ಮಾರಕದ ವಾರ್ಷಿಕ ಸಭೆ. ಮುಖ್ಯ ಅತಿಥಿ ಕಲ್ಲು ನೋಡಿ ಒಂದೊಂದೇ ಹೆಸರನ್ನು ಮೈಕಿನಲ್ಲಿ ಓದಬೇಕು, ಓದಿದ್ದನ್ನು ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಅದು ಕ್ರಮ. ಅತ್ತೆಗೆ ವೇದಿಕೆಯ ಹಿಂದುಗಡೆ ನೀರು ಕೊಡುವ ಕೆಲಸ. ನಾನು ಚೊಂಬು ಹಿಡಿದು ಕಲ್ಲಿನ ಹತ್ತಿರ ಹೋಗಿ, ಆ ಎರಡು ಬೆರಳು ಜಾಗದಲ್ಲಿ ಅತ್ತೆಯ ಅಪ್ಪನ ಹೆಸರು ಬರೆದೆ. ಅತಿಥಿ ಬರಲಿಲ್ಲ, ಹೆಸರು ಆರಿತು. ಮತ್ತೆ ಬರೆದೆ, ಮತ್ತೆ ಆರಿತು. ಎರಡು ಗಂಟೆ ತಡ ಮಾಡಿದ ಪುಣ್ಯಾತ್ಮ! "ಏನಮ್ಮ ಅಲ್ಲಿ?" ಅಂತ ಗುಮಾಸ್ತ ಕೂಗಿದಾಗಲೆಲ್ಲ "ಕಾಗೆ ಹಿಕ್ಕೆ ಸ್ವಾಮಿ" ಅಂದೆ. ಕೊನೆಗೆ ಅತಿಥಿಯ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳಿಸಿದ ಮೇಲೆ ಐದನೆಯ ಸಲ ಬರೆದೆ.

ಅತಿಥಿ ಕನ್ನಡಕ ಏರಿಸಿ ಗಬಗಬ ಓದಿದರು. ಒಂಬತ್ತು, ಹತ್ತು, ಹನ್ನೊಂದು. ಇತ್ತ ಬಿಸಿಲಿಗೆ ನಾನು ಬರೆದ ಹೆಸರಿನ ಮೊದಲ ಅಕ್ಷರ ಅಂಚಿನಿಂದ ಆರುತ್ತಾ ಬಂತು. ಹನ್ನೆರಡು. ಅತಿಥಿ ಬಗ್ಗಿದರು, ಕಣ್ಣು ಕಿರಿದು ಮಾಡಿದರು. ಹದಿಮೂರನೆಯ ಹೆಸರು ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು. ಗುಮಾಸ್ತ ತಲೆಯೆತ್ತದೆ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ.

ಅತ್ತೆ ಹತ್ತಿರದಲ್ಲಿದ್ದ ಕುರ್ಚಿಯ ಮೇಲೆ ಕುಸಿದು ಕೂತರು. ಅದು ಮುಖ್ಯ ಅತಿಥಿಯ ಕುರ್ಚಿ. ಎಬ್ಬಿಸಲು ಬಂದವರಿಗೆಲ್ಲ ಒಂದೊಂದು ಲೋಟ ನೀರು ಕೊಟ್ಟರು. ಏಳಲಿಲ್ಲ.

ಎರಡು ತಿಂಗಳಿಗೆ ಮೇಲಿನ ಕಚೇರಿಯವರು ತಪಾಸಣೆಗೆ ಬಂದರು. ಪುಸ್ತಕದಲ್ಲಿ ಹದಿಮೂರು, ಕಲ್ಲಿನಲ್ಲಿ ಹನ್ನೆರಡು. ಪುಸ್ತಕ ತಪ್ಪಾಗುವುದುಂಟೇ? ಕಲ್ಲನ್ನು ನೋಡಿಕೊಳ್ಳುವ ನಮ್ಮತ್ತೆಗೆ ನೋಟಿಸು ಬಂತು: ನಿಮ್ಮ ಸುಪರ್ದಿಯಲ್ಲಿದ್ದ ಒಂದು ಹೆಸರು ಕಾಣೆಯಾಗಿದೆ, ವಾರದೊಳಗೆ ವಿವರಣೆ ಕೊಡಿ.

ಆ ಕಾಗದ ಓದಿ ನಮ್ಮನೆಯವರು ಗಾಬರಿ ಬಿದ್ದರು. ಅತ್ತೆ ತಿಂಗಳುಗಳ ಮೇಲೆ ಮೊದಲ ಸಲ ನಕ್ಕರು. ನನ್ನ ಕೈಲೇ ಉತ್ತರ ಬರೆಸಿದರು: "ಮೂವತ್ತೊಂದು ವರ್ಷದಿಂದ ದಿನಾ ಒರೆಸುತ್ತಿದ್ದೇನೆ. ಒರೆಸಿ ಒರೆಸಿ ಹೋಗಿರಬಹುದು. ತಪ್ಪಾಯಿತು."

ಇನ್ನು ಮೇಲೆ ಮೆತ್ತಗೆ ಒರೆಸತಕ್ಕದ್ದು ಅಂತ ಎಚ್ಚರಿಕೆ ಕೊಟ್ಟು, ಹೆಸರನ್ನು ಮತ್ತೆ ಕೆತ್ತಿಸಲು ಹುಕುಂ ಮಾಡಿದರು. ಜಾಗಕ್ಕೆ ಧ್ವನಿವರ್ಧಕದ ವ್ಯವಸ್ಥೆಯವರನ್ನು ಉಜ್ಜಿ ತೆಗೆದರು. "ಅವರೇನು ಯುದ್ಧದಲ್ಲಿ ಸತ್ತಿಲ್ವಲ್ಲ" ಅಂದ ಗುಮಾಸ್ತ, ತಾನೇ ಕಂಡುಹಿಡಿದವನ ಹಾಗೆ.

ಕೆತ್ತನೆ ಮುಗಿದದ್ದು ಅತ್ತೆಯ ನಿವೃತ್ತಿಯ ಹಿಂದಿನ ದಿನ. ಕೊನೆಯ ದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಅತ್ತೆ ಮೊದಲು ಚೊಂಬಿನ ನೀರಲ್ಲಿ ತಮ್ಮ ಬೈತಲೆ ಸರಿಮಾಡಿಕೊಂಡರು. ಆಮೇಲೆ ಒದ್ದೆ ಬಟ್ಟೆ ಹಿಂಡಿ ಅಪ್ಪನ ಹೆಸರಿನ ಮೇಲೆ ಇಟ್ಟು, ಎಚ್ಚರಿಕೆ ಗಿಚ್ಚರಿಕೆ ಮರೆತು, ಎರಡೂ ಕೈಯಲ್ಲಿ ಉಜ್ಜಿದರು. ತೆಗೆದು ನೋಡಿದರು. ಮತ್ತೆ ಉಜ್ಜಿದರು, ಉಸಿರು ಕಟ್ಟುವಷ್ಟು ಉಜ್ಜಿದರು. ನನ್ನ ಕಡೆ ತಿರುಗಿದಾಗ ಕಣ್ಣೆಲ್ಲ ನೀರು.

"ಹೋಗ್ತಿಲ್ಲ ಕಣೇ" ಅಂದರು.