ಅಮರಮ್ಮನ ಹಿಮ್ಮಡಿ

ಲಿಂಗಸುಗೂರಿನ ನಮ್ಮ ಆರ್‌ಸಿಸಿ ಮನೆಯ ಛಾವಣಿಯಲ್ಲಿ ಒಂದು ಒದ್ದೆ ಕಲೆ ಮೂಡಿದೆ. ಇಂಜಿನಿಯರು ಮೂರು ಸಲ ಬಂದು ತಲೆ ಎತ್ತಿ ನೋಡಿ, ಚಹಾ ಕುಡಿದು ಹೋದರು. ನೀರು ಎಲ್ಲಿಂದ ಇಳಿಯುತ್ತದೆ ಎಂಬುದು ಅವರಿಗೂ ತಿಳಿದಿಲ್ಲ, ನನಗಂತೂ ಮೊದಲೇ ತಿಳಿಯದು. ಆ ಕಲೆ ನೋಡಿದಾಗಲೆಲ್ಲ ನನಗೆ ಅಮರಮ್ಮ ನೆನಪಾಗುತ್ತಾಳೆ.

ತೊಂಬತ್ತರ ದಶಕದ ಮಾತು. ಬಿಸಿಲು, ಮಳೆ, ಮನೆ, ದುಡಿಮೆ ಇವೆಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂದು ತಿಳಿಯಲು ಒಂದು ಸಂಶೋಧನಾ ಯೋಜನೆ ನಡೆದಿತ್ತು. ನಾನು ಅದರ ಗಣತಿದಾರ. ಅರ್ಥಶಾಸ್ತ್ರದ ಪದವಿ, ಹೆಗಲಿಗೊಂದು ಚೀಲ, ಅದರ ತುಂಬ ಫಾರಂ. ನನ್ನ ಗತ್ತು ಕೇಳಬೇಡಿ! ಕಸುಬು ಬರೆಸಿದವರಿಗೆ ಮುಂದೆ ಸರ್ಕಾರದ ಹೊಸ ಮನೆಗಳನ್ನು ಕಟ್ಟುವ ಕೆಲಸ ಸಿಗುತ್ತದೆ ಎಂದು ಮೇಲಿನವರು ಹೇಳಿದ್ದರು.

ಸಂತೆಕಲ್ಲೂರಿನ ಆಚೆಯ ಒಂದು ಹಳ್ಳಿಯಲ್ಲಿ ಅಮರಮ್ಮನ ಮನೆ. ಆಕೆ ಮಾಳಿಗೆಯ, ಅಂದರೆ ಮನೆಯ ಮಟ್ಟಸವಾದ ಮಣ್ಣಿನ ಛಾವಣಿಯ, ಮೇಲೆ ಸಲಿಕೆ ಹಿಡಿದಿದ್ದಳು, ನಾನು ಕೆಳಗೆ ನೆರಳಲ್ಲಿ.

"ಹೊಲದ ಕೂಲಿಗೆ ಹೋಗ್ತೀರೇನು?"

"ಇಲ್ರಿ."

"ಅಂಗಡಿ-ಪಂಗಡಿ?"

"ಇಲ್ರಿ."

ಮನೆ: ಕಚ್ಚಾ. ಕೆಲಸ: ಇಲ್ಲ. ಬರೆದೆ.

"ಏನ್ ಬರದ್ರಿ ಸಾಹೇಬ್ರ? ಓದ್ರಿ ನೋಡೋಣು."

ಓದಿದೆ. ಮೇಲೆ ಸಲಿಕೆಯ ಸದ್ದು ನಿಂತಿತು.

"ಹಂಗಾದ್ರ ನಾ ಮುಂಜಾನಿಂದ ಇಲ್ಲಿ ಏನ್ ಮಾಡಾಕತ್ತೀನಿ? ಚಪ್ಪಲಿ ಬಿಟ್ಟು ಮ್ಯಾಲ ಬರ್ರಿ."

ನಿಚ್ಚಣಿಕೆ ಹತ್ತಿದೆ. ಸ್ವಂತ ಮಾಳಿಗೆ ಮಾತ್ರವಲ್ಲ, ಊರಿನ ಎಲ್ಲ ಮಾಳಿಗೆಗಳ ಹೊಣೆಯೂ ಆಕೆಯದೇ ಎಂದು ಆಮೇಲೆ ತಿಳಿಯಿತು. ಮಳೆಗಾಲದ ಮುಂಚೆ ಮನೆಮನೆಗೂ ಆಕೆಯನ್ನೇ ಕರೆಯುತ್ತಿದ್ದರು. ಅಮರಮ್ಮ ಕಣ್ಣು ಮುಚ್ಚಿ ಹಿಮ್ಮಡಿ ಊರುತ್ತ ನಿಧಾನವಾಗಿ ನಡೆದಳು. ಒಂದು ಕಡೆ ನಿಂತಳು.

"ಇಲ್ಲಿ ಇಳೀತದ."

ನನಗೆ ಏನೂ ಕಾಣಲಿಲ್ಲ. ಆಕೆ ಒಂದು ಗೇಣು ಅಗೆದಳು. ಒಳಗೆ ಗೆದ್ದಲು ತಿಂದು ಟೊಳ್ಳಾಗಿತ್ತು! ನಾನು ಬೆರಗಾಗಿ ಬಾಯಿ ಬಿಟ್ಟುಕೊಂಡು ನಿಂತೆ. ಅಂಥ ಬೆರಗು ನನಗೆ ಯಾವ ಪುಸ್ತಕ ಓದಿದಾಗಲೂ ಆಗಿರಲಿಲ್ಲ.

"ಇದನ್ನ ಯಾರು ಕಲಿಸಿದ್ರು?"

"ಸೋರೋ ಮನ್ಯಾಗ ಕೂಸು ಮಲಗಿಸಿ ನೋಡ್ರಿ, ತಾನ ಬರ್ತದ."

ಆ ಟೊಳ್ಳಿಗೆ ಆಕೆ ತುಂಬಿದ್ದು ಹಳ್ಳದ ದಂಡೆಯಿಂದ ಹೊತ್ತು ತಂದ, ಉಪ್ಪಿನಂಶದ ಸವಳು ಮಣ್ಣು. ಹಿಂದಿನ ವಾರವಷ್ಟೇ ನಾನು ಸಿಂಧನೂರು ಕಡೆ ಕಾಲುವೆ ನೀರಿಗೆ ಸವಳಾದ ಹೊಲಗಳನ್ನು ನಷ್ಟ ಎಂದು ಬರೆದು ಬಂದಿದ್ದೆ. ಬೆಳೆ ಬಾರದ ಆ ಮಣ್ಣು ನೀರನ್ನೂ ಒಳಗೆ ಬಿಡುವುದಿಲ್ಲವಂತೆ. ಕೆಳಗೆ ಇಳಿದು ಒಳಗೆ ಕೂತರೆ ಏಪ್ರಿಲ್ ನಡುಮಧ್ಯಾಹ್ನದಲ್ಲಿ ಮಡಕೆಯ ನೀರಿನಂಥ ತಂಪು.

'ಇಲ್ಲ' ಹೊಡೆದುಹಾಕಿ 'ಮಾಳಿಗೆ ಕೆಲಸ' ಎಂದು ಬರೆದೆ. ಓದಿ ಹೇಳಿದೆ. ಅಮರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

ಮಸ್ಕಿಯ ಕ್ಯಾಂಪಿನಲ್ಲಿ ನಮ್ಮ ಮೇಲ್ವಿಚಾರಕರು ಫಾರಂ ನೋಡಿ, "ಹೊಡೆದ ಬರಹ ನಡೆಯಂಗಿಲ್ಲ. ಪಟ್ಟಿಯೊಳಗ ಇಂಥ ಕಸುಬೂ ಇಲ್ಲ. ಇನ್ನೊಂದು ಫಾರಂ ಬರಿ" ಎಂದರು. ಬರೆದೆ. ಹೌದು, ಇದೇ ಕೈಯಿಂದ, ದುಂಡಗೆ: ಕೆಲಸ, ಇಲ್ಲ. ಒಂದು ಮಾತೂ ಎದುರಾಡಲಿಲ್ಲ. ಹೊಸ ಮನೆಗಳು ಎದ್ದಾಗ ಅಮರಮ್ಮನನ್ನು ಯಾರೂ ಕರೆಯಲಿಲ್ಲವೆಂದು ಆಕೆಯ ಊರಿನವರೊಬ್ಬರು ಮುದಗಲ್ ಬಸ್ಸಿನಲ್ಲಿ ಹೇಳಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಇವತ್ತು ಸಂಜೆ ಚಪ್ಪಲಿ ಬಿಟ್ಟು ಛಾವಣಿ ಹತ್ತಿದೆ. ಕಣ್ಣು ಮುಚ್ಚಿ ಹಿಮ್ಮಡಿ ಊರುತ್ತ ಮೂಲೆಯಿಂದ ಮೂಲೆಗೆ ನಡೆದೆ. ನನ್ನ ಹಿಮ್ಮಡಿಗೆ ಏನೂ ತಿಳಿಯಲಿಲ್ಲ.

ಕೆಳಗಿನಿಂದ ಹೆಂಡತಿ ಕೂಗಿದಳು: "ಅಲ್ಲೇನ್ ಮಾಡಾಕತ್ತೀರಿ? ಕೆಲಸ ಇಲ್ಲೇನ್ರಿ ನಿಮಗ?"

"ಇದೂ ಕೆಲಸನ," ಎಂದೆ.

ಮಸ್ಕಿಯಲ್ಲಿ ಹೇಳಬೇಕಾಗಿದ್ದ ಮಾತು ಅದು.