ಬೆನ್ನಿಗೆ ಬಿದ್ದ ಗುದ್ದು

ಅಣ್ಣ ಮುಷ್ಟಿ ಬಿಗಿದರೆ ಹೆಬ್ಬೆರಳು ಒಳಗೆ ಹೋಗುತ್ತಿತ್ತು, ಎಳೆಕೂಸಿನ ಹಾಗೆ. ಬಾಲಾನಗರದ ಕಾರ್ಖಾನೆಯ ಲೇತ್ ಮಷೀನಿನಲ್ಲಿ ಪಳಗಿದ ಕೈ. ಸಿಡಿದ ಕಬ್ಬಿಣದ ಕಪ್ಪು ಚುಕ್ಕೆಗಳು ಮೊಣಕೈವರೆಗೂ ಇದ್ದವು.

ಅವನ ಕಾಲು ಹೋದದ್ದು ನನ್ನಿಂದ. ಮಕ್ಕಳಾಗಲಿಲ್ಲವೆಂದು ಗಂಡ ನನ್ನನ್ನು ಬೆಲ್ಟಿನಿಂದ ಬಾರಿಸುತ್ತಿದ್ದ. ಬಿಡಿಸಲು ಬಂದ ಅಣ್ಣನನ್ನು ಮಹಡಿಯ ಮೆಟ್ಟಿಲಿನಿಂದ ನೂಕಿದ. ಬೆನ್ನುಹುರಿ ಜಜ್ಜಿ ಎದೆಯಿಂದ ಕೆಳಗೆ ಸ್ಪರ್ಶವೇ ಇಲ್ಲದಾಯಿತು. ನಾನು ಗಂಡನನ್ನು ಬಿಟ್ಟು ಅಣ್ಣ ಅತ್ತಿಗೆಯರ ಮನೆ ಸೇರಿದೆ. ನಾನು ಅತ್ತಾಗಲೆಲ್ಲ, "ಸಾಕು, ಚಹಾ ಇಡು" ಎನ್ನುತ್ತಿದ್ದ.

ಅವನಿಗೆ ಮಗು ಬೇಕಿತ್ತು. ಆಸ್ಪತ್ರೆಯಲ್ಲಿ ಮೊದಲು ಕಂಪಿಸುವ ಯಂತ್ರವಿಟ್ಟು ವೀರ್ಯ ತೆಗೆಯಲು ನೋಡಿದರು. "ತಲಿ ಸಿಡ್ಯಾಕತ್ತೈತ್ರಿ" ಎಂದು ಅವನು ಚೀರಿದ್ದು ಪರದೆಯಾಚೆ ನಿಂತ ನನಗೆ ಕೇಳಿಸಿತು. ರಕ್ತದೊತ್ತಡ ಏರಿತ್ತು, ಡಾಕ್ಟರು ನಿಲ್ಲಿಸಿದರು. ಇನ್ನೊಮ್ಮೆ ಔಷಧ ಕೊಟ್ಟು ಸಣ್ಣ ಕರೆಂಟ್ ಹಾಯಿಸಿದರು, ಅದೂ ಫಲಿಸಲಿಲ್ಲ. ಕೊನೆಗೆ ವೃಷಣಕ್ಕೆ ಸೂಜಿ ಚುಚ್ಚಿ ತೆಗೆದು, ಗಾಜಿನ ತಟ್ಟೆಯಲ್ಲಿ ಅತ್ತಿಗೆಯ ಅಂಡದೊಂದಿಗೆ ಕೂಡಿಸಿದರು. ಇದು ತಿಳಿದಿದ್ದದ್ದು ನಮ್ಮ ಮೂವರಿಗೆ ಮಾತ್ರ. ಮಗಳು ಹುಟ್ಟಿದಳು.

ನಮ್ಮಲ್ಲಿ ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ನಾನು ಬಾಗಿದಾಗ ನಮ್ಮ ಕಾಕು, ಚಿಕ್ಕಪ್ಪನ ಹೆಂಡತಿ, ಕೇಳಿದಳು: "ಅಪ್ಪನ ಸೊಂಟನ ಸತ್ತೈತಿ, ಕೂಸು ಹೆಂಗಾತವಾ? ನೀನರೆ ಹೇಳು, ಮನ್ಯಾಗ ಇರಾಕಿ."

ಅಣ್ಣ ನನ್ನತ್ತ ನೋಡಿದ. ಒಂದು ಮಾತು ಸಾಕಿತ್ತು. ನನ್ನ ಬರಿದಾದ ಮಡಿಲಿನ ಕಿಚ್ಚು ನಾಲಿಗೆಗೆ ಬಂತು. "ನನಗೇನ್ ಗೊತ್ರಿ, ಅಕಿನ್ನ ಕೇಳ್ರಿ" ಎಂದು ಅತ್ತಿಗೆಯತ್ತ ಕೈ ತೋರಿದೆ.

ಅಣ್ಣ ಗಾಲಿಕುರ್ಚಿ ನುಗ್ಗಿಸಿ ಬಂದು ನನ್ನ ಜಡೆ ಹಿಡಿದೆಳೆದ. ಮುಷ್ಟಿ ಬೆನ್ನಿಗೆ ಬಿತ್ತು, ಮತ್ತೆ ಬಿತ್ತು. ಪಕ್ಕೆಲುಬು ಮುರಿದದ್ದು ನನಗೇ ಕೇಳಿಸಿತು. ಅವನೂ ಕುರ್ಚಿಯಿಂದ ಉರುಳಿದ. ಬಿದ್ದಲ್ಲಿಂದಲೇ, "ನಿನ್ನ ಸಲುವಾಗಿ ಬಿದ್ನಲ್ಲ, ತಂಗಿ" ಎಂದ. ಆ ಮಾತು ಎತ್ತಿದ್ದು ಅದೊಂದೇ ಸಲ. ಕೂಸಿನ ಕಿವಿಗೆ ಹೆಸರು ಹೋಗಲೇ ಇಲ್ಲ.

ಏಳು ವರ್ಷದ ಮೇಲೆ, ಕೂತು ಕೂತು ಆದ ಹುಣ್ಣು ಕೊಳೆತು, ರಕ್ತಕ್ಕೆ ನಂಜೇರಿ ಅಣ್ಣ ಹೋದ. ತಿಥಿಯ ಊಟಕ್ಕೆ ಅದೇ ಹೆಂಗಸರು ಕೂತಿದ್ದರು. ಯಂತ್ರ, ಕರೆಂಟ್, ಸೂಜಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾಕು ಎಲೆಯಿಂದ ತಲೆ ಎತ್ತಲಿಲ್ಲ.

ಅಣ್ಣನ ಮಗಳು ಬಳಿ ಬಂದಳು. "ಅತ್ತಿ, ನನ್ನ ಹೆಸರು ಈಗ ಹೇಳ್ತಿ ಏನು?"

ಕಿವಿಯಲ್ಲಿ ಹೇಳಿದೆ. "ಗುದ್ದು" ಎಂದು ಬೆನ್ನು ತಿರುಗಿಸಿದೆ. ಹೊರಳಿ ನೋಡಿದರೆ, ಹೆಬ್ಬೆರಳು ಒಳಗೆ ಮಡಚಿ ಅವಳು ಮುಷ್ಟಿ ಬಿಗಿಯುತ್ತಿದ್ದಳು.